ರಿಲಯಬಲ್ ಪದಕ್ಕೊಂದು ವಾಕ್ಯ

ಅಕ್ಕನಿಗೆ ಇಂಗ್ಲಿಷ್ ಕಲಿಸಲು ಒಪ್ಪಿಕೊಂಡಾಗ ನಾನು ಒಂದೇ ಷರತ್ತು ಹಾಕಿದ್ದೆ. ಪದದ ಅರ್ಥ ಹೇಳಿದರಷ್ಟೇ ಸಾಲದು, ಅದನ್ನಿಟ್ಟು ಒಂದು ವಾಕ್ಯ ಮಾಡಬೇಕು, ಆ ವಾಕ್ಯ ನಿಜವೂ ಆಗಿರಬೇಕು. ಪುಸ್ತಕದ ಸಿಂಹ, ರಾಜಕುಮಾರಿಯರನ್ನು ಉರು ಹೊಡೆದರೆ ಮೂರು ಕಾಸಿನ ಪ್ರಯೋಜನವಿಲ್ಲ ಎಂಬುದು ನನ್ನ ವಾದ. ಅಕ್ಕ ಹೊಲಿಯುವ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಹುದ್ದೆ ಖಾಲಿಯಾಗಿತ್ತು. ವರ್ಷಗಟ್ಟಲೆ ಮಷಿನ್ ಮುಂದೆ ಬೆನ್ನು ಬಗ್ಗಿಸಿದವಳಿಗೆ ಅದು ಬೇಕೇ ಬೇಕಿತ್ತು. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ.

ನಿಜವಾದ ವಾಕ್ಯ ಎಂದದ್ದೇ ತಡ, ಭಾವನ ಗ್ರಹಚಾರ ಕೆಟ್ಟಿತು. ಸಂಜೆ ಅಡುಗೆಮನೆಯಲ್ಲಿ ಪಾಠ ನಡೆಯುವಾಗ ಕಣ್ಣೆದುರು ಕೂತಿರುತ್ತಿದ್ದವರು ಅವರೊಬ್ಬರೇ. ಲೇಜಿ ಎಂದರೆ ಮೈಗಳ್ಳ. ಮೈ ಹಸ್ಬೆಂಡ್ ಈಸ್ ಲೇಜಿ. ಸ್ಟಬರ್ನ್ ಎಂದರೆ ಹಟಮಾರಿ, ಅದೂ ಅವರೇ. ಭಾವ ಫ್ಯಾನ್ ರಿಪೇರಿ ಮಾಡುವವರು. ಊರವರ ಫ್ಯಾನೆಲ್ಲ ಅವರ ಕೈ ತಾಗಿದರೆ ತಿರುಗುತ್ತವೆ, ಮನೆಯದು ಮಾತ್ರ ಬೇಸಿಗೆಯಿಂದ ಮುನಿಸಿಕೊಂಡು ನಿಂತಿತ್ತು. ನಾಳೆ ಮಾಡುತ್ತೇನೆ ಎನ್ನುವುದು ಅವರಿಗೆ ಬಾಯಿಪಾಠ.

ಹೀಗಾಗಿ ರಿಲಯಬಲ್ ಎಂಬ ಪದ ಬಂದಾಗ ಪಾಠ ನಿಂತಿತು. ನಂಬಬಹುದಾದವರು, ಹೇಳಿದ ಮಾತಿಗೆ ತಪ್ಪದವರು ಎಂದು ಅರ್ಥ ಹೇಳಿದೆ. ಭಾವ ಕತ್ತೆತ್ತಿ ಕಾದರು. ಅಕ್ಕ ಫ್ಯಾನಿನ ಕಡೆ ನೋಡಿ, "ಇದಕ್ಕೆ ನಿಜವಾದ ವಾಕ್ಯ ಸಿಗ್ತಿಲ್ಲ, ಮುಂದಿನ ಪದ ಹೇಳು" ಎಂದಳು. ನಾನು ನಕ್ಕೆ. ಭಾವನೂ ನಕ್ಕರು, ಆದರೆ ತಟ್ಟೆ ತೊಳೆಯುವ ನೆವದಲ್ಲಿ ಎದ್ದುಹೋದರು. ನನಗೆ ಪಾಪ ಅನ್ನಿಸಿತು.

ಸಂದರ್ಶನದ ಬೆಳಿಗ್ಗೆ ಬಸ್ಸು ಕೈಕೊಟ್ಟಿತು. ಭಾವ ಕೆಲಸ ಬಿಟ್ಟು ಅವಳನ್ನು ಸ್ಕೂಟರಿನಲ್ಲಿ ಗೇಟಿಗೆ ತಲುಪಿಸಿ, ಮುಗಿಯುವವರೆಗೂ ಇಲ್ಲೇ ಇರುತ್ತೇನೆ ಎಂದರು. ಇವರೆಲ್ಲಿ ಅಲ್ಲಿಯವರೆಗೆ ಇರುತ್ತಾರೆ ಎಂದುಕೊಂಡು ಅಕ್ಕ ಒಳಗೆ ಹೋದಳು.

ಅವಳ ಸರದಿ ಬಂದಾಗ ಮಧ್ಯಾಹ್ನ. ಯಾವ ಕೆಲಸಗಾರ ರಿಲಯಬಲ್ ಎಂದು ಹೇಗೆ ಗುರುತಿಸುತ್ತೀರಿ ಎಂದು ಮ್ಯಾನೇಜರ್ ಕೇಳಿದರು. ಅರ್ಥ ಗೊತ್ತು, ವಾಕ್ಯವಿಲ್ಲ. ಅಕ್ಕ ದಿಕ್ಕು ತೋಚದೆ ಕಿಟಕಿಯಾಚೆ ನೋಡಿದಳಂತೆ. ಗೇಟಿನ ಬಳಿ ಸುಡುಬಿಸಿಲಿನಲ್ಲಿ ಅವಳ ಹೂವಿನ ಚಿತ್ತಾರದ ಕೊಡೆ ಹಿಡಿದುಕೊಂಡು ಭಾವ ನಿಂತಿದ್ದರು.

"ಮೈ ಹಸ್ಬೆಂಡ್ ಈಸ್ ರಿಲಯಬಲ್," ಎಂದಳು ಅಕ್ಕ. "ಹಿ ಸೆಡ್, ಐ ವಿಲ್ ವೇಟ್. ಲುಕ್, ಹಿ ಈಸ್ ವೇಟಿಂಗ್."

ಇಂಥವರನ್ನೇ ಹುಡುಕುತ್ತೇನೆ ಎಂದು ಹರುಕುಮುರುಕು ಇಂಗ್ಲಿಷಿನಲ್ಲೇ ಸೇರಿಸಿದಳು. ಮ್ಯಾನೇಜರ್ ಎದ್ದು ಬಂದು ಕಿಟಕಿಯಿಂದ ಇಣುಕಿ ನಕ್ಕರು. ಹುದ್ದೆ ಅಕ್ಕನದಾಯಿತು.

ಸಂಜೆ ಅವಳು ಇದನ್ನೆಲ್ಲ ನಮಗೆ ಹೇಳಿದಳು. ಭಾವ ಮೆಲ್ಲಗೆ ಕೇಳಿದರು, "ಕೆಲಸಕ್ಕೋಸ್ಕರ ಹೇಳಿದ್ದೋ, ನಿಜಾನೋ?"

"ನಿಜ ಅಲ್ದಿದ್ರೆ ನನ್ನ ಬಾಯಿಗೇ ಬರ್ತಿರಲಿಲ್ಲ ಕಣ್ರೀ. ಇವಳು ನಂಗೆ ಹಾಗೇ ಅಲ್ವಾ ಕಲಿಸಿರೋದು" ಎಂದಳು ಅಕ್ಕ.

ಭಾವ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಯಾರೂ ಹೇಳದೆಯೇ ಸ್ಟೂಲ್ ಎಳೆದು, ಅದರ ಮೇಲೆ ಹತ್ತಿ ಫ್ಯಾನ್ ಬಿಚ್ಚತೊಡಗಿದರು.