ಮುಖವಿದ್ದರೆ ಮಾತ್ರ ಲೆಕ್ಕ

ನೋಲಾರಿ ಶಾಲೆಯಿಂದ ಬಂದಾಗ ಅವಳ ಬಲಗೈ ಬೆರಳುಗಳು ಮಡಚಲಾಗದಷ್ಟು ಊದಿಕೊಂಡಿದ್ದವು. ತಾಯಿ ನಸಿಯೆಕು ಹಾಲಿನ ಸೋರೆಬುರುಡೆಯನ್ನು ಕೈಗಿತ್ತಾಗ ಹಿಡಿಯಲಾರದೆ ಬೀಳಿಸಿದಳು. ಆಗಲೇ ವಿಷಯ ಹೊರಬಿದ್ದದ್ದು.

"ಯಾರು ಹೊಡೆದ್ರು?"

"ಮೇಷ್ಟ್ರು."

"ಯಾಕೆ?"

"ಏಳು ಆದ್ಮೇಲೆ ಏನು ಅಂದ್ರು."

"ನೀನೇನಂದೆ?"

"ಏನೂ ಅನ್ಲಿಲ್ಲ. ಅದಕ್ಕೇ."

ಮರುದಿನ ನಸಿಯೆಕು ಶಾಲೆಗೆ ಹೋದಳು. ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಎರಡು ತರಗತಿಗಳು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವು. ಮೇಷ್ಟ್ರು ಮುತೇತಿ ದಕ್ಷಿಣದ ಕಡೆಯವನು. ಈ ಬಿಸಿಲಿಗೂ ಧೂಳಿಗೂ ಇನ್ನೂ ಒಗ್ಗಿರಲಿಲ್ಲ. ಅವಳನ್ನು ಕಂಡವನೇ ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಬಂದ.

"ನಾನೇನು ಕಟುಕನಾ ತಾಯಿ? ಇಷ್ಟು ಮಕ್ಕಳಿದಾವೆ, ನಾನೊಬ್ಬ. ಯಾರನ್ನ ಅಂತ ಕೂರಿಸ್ಕೊಂಡು ಹೇಳಿಕೊಡ್ಲಿ? ನೀವು ನಾಲ್ಕನೇ ಕ್ಲಾಸು ಓದಿದೀರಂತಲ್ಲ, ಮನೇಲಿ ಕಲಿಸಿ. ಪರೀಕ್ಷೆ ಹೊತ್ತಿಗೆ ಇಪ್ಪತ್ತರವರೆಗೆ ಎಣಿಸೋದು, ಕಳೆಯೋದು ಬರದೇ ಹೋದ್ರೆ ಮತ್ತೆ ಎಳೇ ಮಕ್ಕಳ ಕೋಣೆಗೆ ಕಳಿಸ್ತೀನಿ."

ಮಾವ ಲೆಕಿಲಿತ್ ಇಂಥದ್ದೊಂದು ಮಾತಿಗೇ ಕಾದಿದ್ದ. ಮೊಮ್ಮಗಳನ್ನು ಶಾಲೆಗೆ ಕಳಿಸುವುದು ಅವನಿಗೆ ಮೊದಲಿನಿಂದಲೂ ಬೇಡವಾಗಿತ್ತು. ಅವನ ವಾರಿಗೆಯ ಮುದುಕನೊಬ್ಬ ನೋಲಾರಿಯನ್ನು ಆಗಲೇ ಕಣ್ಣಲ್ಲಿ ಅಳೆದು, ಇನ್ನು ಐದಾರು ವರ್ಷಕ್ಕೆ ತನಗೇ ಕೊಡಿ ಎಂದು ಕೇಳಿ ಹೋಗಿದ್ದ.

"ಎಳೇ ಮಕ್ಕಳ ಜೊತೆ ಕೂರೋದಾದ್ರೆ ನಮ್ಮ ಆಡಿನ ಮರಿ ಜೊತೆ ಕೂರ್ಲಿ," ಎಂದ ಲೆಕಿಲಿತ್. "ಇಲ್ಲಿ ಬೆತ್ತಾನೂ ಇಲ್ಲ, ಪರೀಕ್ಷೇನೂ ಇಲ್ಲ."

ನಸಿಯೆಕುವಿನ ಗಂಡ ಸರೂನಿ ಜಗಳ ಬೇಡವೆನ್ನುವ ಮನುಷ್ಯ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಕೊನೆಗೆ ಮಗಳನ್ನು ಹತ್ತಿರ ಕರೆದು, ಅಂಗೈಗೆ ಉಗಿದು, ಆ ಕೈಯನ್ನು ಅವಳ ನೆತ್ತಿಯ ಮೇಲಿಟ್ಟ.

"ಪರೀಕ್ಷೆ ಬರೋದ್ರೊಳಗೆ ಎಣಿಸೋದು ಕಲಿತ್ರೆ ಶಾಲೇಲಿರ್ತಾಳೆ. ಕಲೀದಿದ್ರೆ ಆಡಿನ ಹಿಂದೆ ಹೋಗ್ತಾಳೆ. ಅಪ್ಪ ಹೇಳಿದ ಹಾಗೆ."

ಉಗಿದು ಕೊಟ್ಟ ಮಾತು. ಅದನ್ನು ಕೊಟ್ಟವನೂ ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ನಸಿಯೆಕು ಒಣಹಳ್ಳದಿಂದ ಬೆಣಚುಕಲ್ಲು ಆರಿಸಿ ತಂದಳು. ಗುಡಿಸಲ ಮುಂದೆ ಸಾಲಾಗಿ ಜೋಡಿಸಿ, ಮಗಳ ಬೆರಳು ಹಿಡಿದು ಒಂದೊಂದರ ಮೇಲೂ ಇಡಿಸಿದಳು. ಹುಡುಗಿ ಐದಕ್ಕೆ ಬರುವಷ್ಟರಲ್ಲಿ ಮೂರಕ್ಕೆ ಹಿಂದಿರುಗುತ್ತಿದ್ದಳು, ಏಳರ ನಂತರ ಬಾಯಿ ಕಟ್ಟುತ್ತಿತ್ತು. ಹೀಗೆ ಒಂದು ವಾರ ನಡೆಯಿತು. ಒಂದು ಸಂಜೆ ನಸಿಯೆಕು ತಾಳ್ಮೆಗೆಟ್ಟು ಕಲ್ಲುಗಳನ್ನೆಲ್ಲ ಕಾಲಿನಿಂದ ಒದ್ದಳು.

"ಏನು ಕಷ್ಟ ನಿಂಗೆ? ಹೇಳಾದ್ರೂ ಹೇಳು!"

"ಎಲ್ಲಾ ಒಂದೇ ಥರ ಇದಾವಲ್ಲವ್ವ," ಎಂದಳು ನೋಲಾರಿ ಅಳುತ್ತ. "ಯಾವುದನ್ನ ಎಣಿಸಿದೆ, ಯಾವುದನ್ನ ಬಿಟ್ಟೆ ಅಂತ ಹೇಗೆ ಗೊತ್ತಾಗತ್ತೆ?"

ಆ ಹೊತ್ತಿಗೆ ಮರಿಗಳು ಮುಳ್ಳುಬೇಲಿಯ ಕಂಡಿಯಿಂದ ದೊಡ್ಡಿಯೊಳಗೆ ನುಗ್ಗುತ್ತಿದ್ದವು. ಹುಡುಗಿ ಅತ್ತ ತಿರುಗಿ, ಮೂಗು ಒರೆಸಿಕೊಳ್ಳುತ್ತಲೇ ಹೇಳಿದಳು: "ಬಿಳಿಮೂತಿ ಬಂದಿಲ್ಲ."

ಬಿಳಿಮೂತಿ ಬಂದಿರಲಿಲ್ಲ. ಪೊದೆಗೆ ಸಿಕ್ಕಿಕೊಂಡು ಅರಚುತ್ತಿತ್ತು.

ಇವರ ಬುಡಕಟ್ಟಾದ ಸಾಂಬುರು ಜನ ಆಡು, ದನಗಳನ್ನಾಗಲಿ ಮಕ್ಕಳನ್ನಾಗಲಿ ಎಣಿಸುವುದಿಲ್ಲ. ಉಸಿರಿರುವುದನ್ನು ಎಣಿಸಿದರೆ ಸಾವಿಗೆ ಲೆಕ್ಕ ಒಪ್ಪಿಸಿದ ಹಾಗೆ. ನಿನ್ನ ಹತ್ತಿರ ಎಷ್ಟು ದನ ಇವೆ ಎಂದು ಕೇಳಿದವನನ್ನು ಅವರು ಕಳ್ಳನನ್ನು ನೋಡಿದಂತೆ ನೋಡುತ್ತಾರೆ. ದೊಡ್ಡಿ ತುಂಬಿದೆಯೇ ಇಲ್ಲವೇ ಎಂಬುದು ಅವರಿಗೆ ತಿಳಿಯುವುದು ಮುಖಗಳಿಂದ. ಇದು ನಸಿಯೆಕುವಿಗೆ ಹಾಲು ಕುಡಿಯುವಾಗಲೇ ಗೊತ್ತಿದ್ದ ವಿಷಯ. ಮಗಳಿಗೆ ಅಂಕಿ ಹತ್ತುವ ದಾರಿ ಯಾವುದೆಂಬುದೂ ಆ ಸಂಜೆ ಗೊತ್ತಾಯಿತು. ಅವಳು ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ನೋಲಾರಿ ಅಂಗಾಲಿನ ಮೇಲೆ ಬಾಸುಂಡೆ ಎಬ್ಬಿಸಿಕೊಂಡು ಬಂದಳು.

ಅಂದು ಸಂಜೆ ತಾಯಿ ಮಗಳಿಬ್ಬರೂ ಕಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಕರಿಕಿವಿ," ಎಂದಳು ನಸಿಯೆಕು ಪಿಸುದನಿಯಲ್ಲಿ, "ಒಂದು."

"ಕುಂಟಿ ಎರಡು," ಎಂದಳು ನೋಲಾರಿ, ಹೇಳಿಕೊಡದೆಯೇ. "ಕೆಂಚ ಮೂರು. ಅವಳಿಜವಳಿ ನಾಲ್ಕು, ಐದು."

ಏಳು ದಾಟಿತು, ಹತ್ತೂ ದಾಟಿತು. ಕೆಲವೇ ದಿನಗಳಲ್ಲಿ ಹುಡುಗಿ ಇಪ್ಪತ್ತೂ ಮರಿಗಳನ್ನು ಒಂದೂ ತಪ್ಪದೆ ಒಳಗೆ ಬಿಟ್ಟುಕೊಳ್ಳತೊಡಗಿದಳು. "ಅವಳಿಜವಳಿ ಅಮ್ಮನ ಹತ್ರ ಹೋದ್ವು ಅಂದ್ಕೊ. ಎಷ್ಟುಳೀತು?" ಎಂದರೆ "ಹದಿನೆಂಟು" ಎಂದು ನಗುತ್ತಿದ್ದಳು. ಅಂಕಿ ಹೇಳುವಾಗ ಆ ಮಗು ನಕ್ಕದ್ದನ್ನು ನಸಿಯೆಕು ಮೊದಲ ಸಲ ನೋಡಿದ್ದು ಆಗಲೇ.

ಸರೂನಿಯ ತಮ್ಮ ಲೆಶಾನ್ ಹಟ್ಟಿಯನ್ನು ಕಾಯುವ ಯೋಧ. ಕೆಮ್ಮಣ್ಣು ಬಳಿದ ಜಡೆ, ಹೆಗಲಲ್ಲಿ ಹಳೆಯ ಬಂದೂಕು, ಬಾಯಿಬಿಟ್ಟರೆ ತಮಾಷೆ. ಒಂದು ಸಂಜೆ ಅವನು ಬೇಲಿಯಾಚೆಯಿಂದ ಇವರ ಪಿಸುಮಾತು ಕೇಳಿಸಿಕೊಂಡ.

"ಅತ್ತಿಗೇ, ನನ್ನನ್ನ ಮಾತ್ರ ಬಿಟ್ಟು ಎಣಿಸು ತಾಯಿ. ನಂಗಿನ್ನೂ ಮದುವೆ ಆಗಿಲ್ಲ!"

ಎಂದು ದೊಡ್ಡದಾಗಿ ನಕ್ಕು ಹೋದ. ನಾಲ್ಕು ಮಾರು ಆಚೆ ಮಣೆಯ ಮೇಲೆ ಕೂತಿದ್ದ ಲೆಕಿಲಿತ್ ನಗಲಿಲ್ಲ.

ದನಗಳ್ಳರ ದಾಳಿ ನಡೆದದ್ದು ಪರೀಕ್ಷೆಗೆ ಇನ್ನೂ ಕೆಲವು ದಿನಗಳಿರುವಾಗ, ಬೆಳಕು ಹರಿಯುವ ಹೊತ್ತಿಗೆ. ಮೊದಲು ನಾಯಿ ಬೊಗಳಿತು, ಆಮೇಲೆ ಕುಯ್ಯೆಂದಿತು, ಆಮೇಲೆ ದನಿ ನಿಂತಿತು. ನಸಿಯೆಕು ಮಗಳನ್ನು ನೆಲಕ್ಕೆ ಕೆಡವಿ ಅವಳ ಮೇಲೆ ಬಿದ್ದಳು. ಸಗಣಿ ಮೆತ್ತಿದ ಗೋಡೆಗೆ ಗುಂಡು ತಡೆಯುವ ಶಕ್ತಿಯಿಲ್ಲ. ಒಂದು ಗುಂಡು ತಲೆಯ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ ಒಳಗೆ ಬಂದು ಎದುರು ಗೋಡೆಯಿಂದ ಹೊರಗೆ ಹೋಯಿತು. ಇನ್ನೊಂದು ಹಾಲಿನ ಬುರುಡೆಯನ್ನು ಸೀಳಿತು. ಹೊರಗೆ ಗಂಡಸರು ಕೂಗುತ್ತಿದ್ದರು. ಆಡುಗಳ ಅರಚಾಟ ಒಂದೇ ಗೋಡೆಯ ಹಾಗೆ ಎದ್ದು ನಿಂತಿತ್ತು.

ಅವಳು ಹೊರಗೆ ಬಂದಾಗ ಲೆಶಾನ್ ಕಂಡಿಗೆ ಅಡ್ಡಲಾಗಿ ಕೂತಿದ್ದ. ಬೆನ್ನು ಮುಳ್ಳಿಗೆ ಒರಗಿತ್ತು. ಗಂಟಲ ಎಡಪಕ್ಕ ಹರಿದುಹೋಗಿ ಉಸಿರು ಅಲ್ಲಿಂದಲೇ ಆಡುತ್ತಿತ್ತು. ಏನೋ ಹೇಳಲು ಹೋದ, ಬಾಯಿಗೆ ಬಂದದ್ದು ರಕ್ತ. ಅವಳು ಶಾಲು ಒತ್ತಿ ಹಿಡಿದಳು. ಶಾಲು ನೆನೆದು, ರಕ್ತ ಅವಳ ಮೊಣಕೈಯವರೆಗೆ ಇಳಿಯಿತು. ಅವನ ಹಿಮ್ಮಡಿ ಒಂದೆರಡು ಸಲ ನೆಲ ಗೀಚಿ ನಿಂತುಹೋಯಿತು.

ದಾಳಿಕೋರರು ದೊಡ್ಡ ಆಡುಗಳನ್ನೂ ದನಗಳನ್ನೂ ಹೊಡೆದುಕೊಂಡು ಹೋಗಿದ್ದರು. ಓಡಲಾರದ ಮರಿಗಳನ್ನು ಬಿಟ್ಟಿದ್ದರು. ಅವುಗಳಲ್ಲಿ ಕೆಲವು ಗುಂಡಿಗೆ, ಕೆಲವು ದನಗಳ ಕಾಲ್ತುಳಿತಕ್ಕೆ ಸಿಕ್ಕಿ ಸತ್ತಿದ್ದವು. ಸರೂನಿ ಮತ್ತು ಇತರರು ಜಾಡು ಹಿಡಿದು ಹೋಗಿ ಬರಿಗೈಯಲ್ಲಿ ಬಂದರು. ಮಧ್ಯಾಹ್ನ ಪೊಲೀಸರು ಬಂದು ಬರೆದುಕೊಂಡು ಹೋದರು. ಅದೇ ವಾರ ಹಳ್ಳದಾಚೆಯ ಎರಡು ಹಟ್ಟಿಗಳ ಮೇಲೂ ಇದೇ ದಾಳಿ ನಡೆದಿತ್ತು. ಅಲ್ಲಿ ಯಾರೂ ಮಗುವಿಗೆ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಆದರೆ ಮಗನ ಹೆಣದ ಮುಂದೆ ಕೂತ ಲೆಕಿಲಿತ್‌ಗೆ ನೆನಪಾದದ್ದು ಮಗನ ತಮಾಷೆ ಒಂದೇ.

ನಸಿಯೆಕು ಕೈಯ ರಕ್ತ ತೊಳೆಯುತ್ತಿದ್ದಾಗ ಅವನು ಹಿಂದಿನಿಂದ ಬಂದ. ಗುಂಡುದೊಣ್ಣೆ ಬೀಸಿದ್ದು ತಲೆಗೆ. ಅವಳು ಕೈ ಅಡ್ಡ ತಂದಳು. ಬಲ ಮುಂಗೈಯ ಮೂಳೆ ಒಣಕಟ್ಟಿಗೆಯ ಸದ್ದು ಮಾಡಿತು.

"ಎಣಿಸಿ ಕೊಟ್ಟೆಯಲ್ಲೇ! ನನ್ನ ಮಗನ್ನ ಎಣಿಸಿ ಕೊಟ್ಟೆಯಲ್ಲೇ, ಹಾದರಗಿತ್ತಿ!"

ಎರಡನೆಯ ಏಟು ಸೊಂಟಕ್ಕೆ ಬಿತ್ತು. ಮೂರನೆಯದನ್ನು ಸರೂನಿ ತಡೆದ. ಅಪ್ಪನನ್ನು ತಬ್ಬಿ ಹಿಂದಕ್ಕೆಳೆದ. ಮುದುಕ ಮಗನ ಭುಜ ಕಚ್ಚಿದ.

ಲೆಶಾನನ ಹೆಣದ ಮೇಲೆ ಕಲ್ಲು ಪೇರಿಸಿದ ಮರುದಿನ ಹಿರಿಯರು ಜಾಲಿಮರದಡಿ ಸೇರಿದರು. ಅವರಲ್ಲಿ ಹಿರಿಯ, ಒಂದು ಕಣ್ಣಿಗೆ ಹೂಬಿದ್ದವನು, ಎರಡೂ ಕಡೆಯ ಮಾತು ಕೇಳಿ ನಿಧಾನವಾಗಿ ಹೇಳಿದ:

"ತಮಾಷೆ ಸಾಕ್ಷಿ ಆಗಲ್ಲ ಲೆಕಿಲಿತ್. ಆಡಿದವನೂ ಹೋದ. ಈ ಮಗುವಿಗೆ ಏಳರ ಮೇಲೆ ಬರಲ್ಲ ಅಂತ ಹಟ್ಟಿಗೆಲ್ಲ ಗೊತ್ತು. ಈಗಲೂ ಬರದಿದ್ರೆ ಯಾರೂ ಏನೂ ಎಣಿಸಿಲ್ಲ. ಸೊಸೆ ಅವಳ ಗುಡಿಸಲಲ್ಲಿ ಇರ್ತಾಳೆ. ಬಂದ್ರೆ, ಎಲ್ಲಿ ಕಲಿತದ್ದು ಅಂತ ಕೇಳ್ಬೇಕಾಗತ್ತೆ. ಉಸಿರಿರೋ ಮರಿಗಳ ಮೇಲೆ ಅಂತಾದ್ರೆ ಗಂಡ ಇಲ್ಲೇ ನಮ್ಮೆದುರು ಅವಳನ್ನ ಹೊಡೆದು ತವರಿಗೆ ಕಳಿಸ್ಬೇಕು. ಮಗು ಈ ಮನೇದು, ಇಲ್ಲೇ ಉಳೀತದೆ."

"ಎಣಿಸೋದು ಏನನ್ನ?" ಎಂದು ಯಾರೋ ಗಾಬರಿಯಿಂದ ಕೇಳಿದರು.

"ಸತ್ತದ್ದನ್ನ," ಎಂದ ಹೂಗಣ್ಣಿನವನು. "ಅದನ್ನೆಣಿಸಿದ್ರೆ ಇನ್ನೇನು ಸಾಯತ್ತೆ?"

ಸತ್ತ ಮರಿಗಳನ್ನು ತಂದು ಬೇಲಿಯುದ್ದಕ್ಕೂ ಮಲಗಿಸಿದರು. ಒಂದಕ್ಕೆ ಹೊಟ್ಟೆಯಿರಲಿಲ್ಲ. ಇನ್ನೊಂದರ ತಲೆ ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿತ್ತು. ನೊಣಗಳು ಎದ್ದು ಮತ್ತೆ ಕೂತವು. ನೋಲಾರಿಯನ್ನು ಹಿಡಿದು ಅವುಗಳ ಮುಂದೆ ನಿಲ್ಲಿಸಿದರು.

"ಎಣಿಸಮ್ಮ."

ಹುಡುಗಿ ಮರಿಗಳನ್ನು ನೋಡಿದಳು, ಬಟ್ಟೆ ಸುತ್ತಿದ್ದ ತಾಯಿಯ ಕೈ ನೋಡಿದಳು.

"ಬರಲ್ಲ," ಎಂದಳು.

"ಒಂದಾದ್ರೂ ಹೇಳು."

"ನಂಗೆ ಬರಲ್ಲ ತಾತ."

ಸರೂನಿಯ ಉಸಿರು ಕೆಳಗಿಳಿದದ್ದನ್ನು ನಸಿಯೆಕು ಕಂಡಳು. ಅವನು ಅವಳತ್ತ ನೋಡಿ ರೆಪ್ಪೆ ಮುಚ್ಚಿ ತೆರೆದ: ಇಷ್ಟೇ ಸಾಕು, ಸುಮ್ಮನಿರು. ನಿಜ, ಇಷ್ಟೇ ಸಾಕಿತ್ತು. ಅವಳ ಒಲೆ, ಅವಳ ಗುಡಿಸಲು, ಮಗಳು ಎಲ್ಲವೂ ಉಳಿಯುತ್ತಿದ್ದವು. ಸಾಲಿನ ಕೊನೆಯಲ್ಲಿ ಕೂತಿದ್ದ, ನೋಲಾರಿಯನ್ನು ಕೇಳಿಹೋಗಿದ್ದ ಆ ಮುದುಕ ನಶ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಬರಲ್ಲ ಎಂದು ಹಿರಿಯರೆದುರು ಹೇಳಿದ ಹುಡುಗಿ ನಾಳೆಯಿಂದ ಉಳಿದ ಮರಿಗಳ ಹಿಂದೆ, ಆಮೇಲೆ ಅವನ ಹಿಂದೆ.

ನಸಿಯೆಕು ಎದ್ದು ಬಂದಳು. ಮುರಿಯದ ಎಡಗೈಯಿಂದ ಮಗಳ ಕೆನ್ನೆಗೆ ಬಾರಿಸಿದಳು.

"ಎಣಿಸು."

ಹುಡುಗಿ ತತ್ತರಿಸಿ ಹೋದಳು. ಈ ಕೈ ಅವಳನ್ನು ಹಿಂದೆಂದೂ ಹೊಡೆದಿರಲಿಲ್ಲ.

"ಬರಲ್ಲವ್ವ... ಎಣಿಸಿದ್ರೆ ನಿನ್ನ..."

ಇನ್ನೊಂದು ಏಟು. ತುಟಿ ಒಡೆಯಿತು. "ನಂದು ನಾನು ನೋಡ್ಕೋತೀನಿ. ಎಣಿಸು ಅಂದೆ!"

"ಬಿಡೇ ಅವಳನ್ನ!" ಎಂದು ಸರೂನಿ ಕೂಗಿದ. ನಸಿಯೆಕು ಮೂರನೆಯ ಸಲ ಕೈ ಎತ್ತಿದಳು.

"ಕರಿಕಿವಿ ಒಂದು," ಎಂದಳು ನೋಲಾರಿ. ರಕ್ತವೂ ಜೊಲ್ಲೂ ಸೇರಿ ಗಲ್ಲಕ್ಕಿಳಿಯುತ್ತಿತ್ತು. "ಕೆಂಚ ಎರಡು. ಬಿಳಿಮೂತಿ ಮೂರು..." ಚಪ್ಪಟೆಯಾದ ತಲೆಯ ಮುಂದೆ ನಿಂತು ಕಾಲು ನೋಡಿ ಗುರುತು ಹಿಡಿದಳು. "ಕುಂಟಿ, ಎಂಟು." ಕೊನೆಯದರ ಮುಂದೆ ನಿಂತಳು. "ಒಂಬತ್ತು."



"ಇದ್ದದ್ದು ಇಪ್ಪತ್ತು," ಎಂದಳು ನಸಿಯೆಕು. "ಉಳಿದದ್ದು?"

ಹಿರಿಯರು ಕಿವಿ ಮುಚ್ಚಿಕೊಂಡರು. "ಬದುಕಿರೋದನ್ನ ಬೇಡ, ಬೇಡ!" ಎಂದು ಒಬ್ಬ ಚೀರಿದ. ಅಷ್ಟರಲ್ಲಿ ಹುಡುಗಿ ಹೇಳಿಯಾಗಿತ್ತು. "ಹನ್ನೊಂದು."

ಆಮೇಲೆ ನಡೆದದ್ದು ಹಿರಿಯರು ಹೇಳಿದ ಹಾಗೆಯೇ ನಡೆಯಿತು. ಲೆಕಿಲಿತ್ ತನ್ನ ದೊಣ್ಣೆಯನ್ನೇ ಮಗನ ಕೈಗೆ ಕೊಟ್ಟ. ಸರೂನಿ ಬೆನ್ನಿಗೆ ಹೊಡೆದ, ತೊಡೆಗೆ ಹೊಡೆದ. ಮೆಲ್ಲಗೆ ಹೊಡೆದರೆ ವಾರಿಗೆಯವರು "ಇದೇನು ನೊಣ ಓಡಿಸ್ತೀಯಾ?" ಎಂದರು. ಆಗ ಜೋರಾಗಿ ಹೊಡೆದ. ಪಕ್ಕೆಲುಬೊಂದು ಒಳಗೆ ಕುಸಿದದ್ದು ನಸಿಯೆಕುವಿಗೆ ಸ್ಪಷ್ಟವಾಗಿ ತಿಳಿಯಿತು. ಅವಳು ಮಣ್ಣಿಗೆ ಬಿದ್ದು, ಬಾಯಿಗೆ ಬಂದದ್ದನ್ನು ಉಗಿದಳು. ಹೂಗಣ್ಣಿನವನು ಕೈಯೆತ್ತಿದ ಮೇಲೆ ಏಟು ನಿಂತಿತು.

"ಮುಗೀತು," ಎಂದ ಲೆಕಿಲಿತ್. "ಹುಡುಗಿ ನಾಳೆಯಿಂದ ಉಳಿದ ಮರಿ ಹಿಂದೆ. ಈ ಅಂಕಿ ಸಂಕಟ ಇನ್ನು ಈ ಹಟ್ಟೀಲಿ ಬೇಡ."

"ಇಲ್ಲಪ್ಪ," ಎಂದ ಸರೂನಿ. ಅವನು ಏದುಸಿರು ಬಿಡುತ್ತಿದ್ದ. ದೊಣ್ಣೆ ಇನ್ನೂ ಕೈಯಲ್ಲಿತ್ತು. "ಕಲಿತ್ರೆ ಶಾಲೆ ಅಂತ ಉಗಿದು ಹೇಳಿದ್ದೆ. ಕಲಿತಿದಾಳೆ. ನೀವೆಲ್ಲ ಕೇಳಿದ್ರಿ."

"ನಿನ್ನ ತಮ್ಮ ಸತ್ತಿದಾನೋ!"

"ಸತ್ತಿದಾನೆ. ಮಾತು ಸತ್ತಿಲ್ಲ."

ಮುದುಕ ದೊಣ್ಣೆ ಕಿತ್ತುಕೊಳ್ಳಲು ಮುಂದೆ ಬಂದ. ಸರೂನಿ ಅದನ್ನು ಮೇಲೆತ್ತಿ ಹಿಡಿದ. ಒಂದು ಗಳಿಗೆ ಅಪ್ಪನ ತಲೆಯ ಮೇಲೇ ಇಳಿಯುತ್ತದೆ ಎನಿಸಿತು. ಹೂಗಣ್ಣಿನವನು ನಡುವೆ ಕೋಲು ಚಾಚಿದ. "ಉಗಿದದ್ದು ನಿಜವಾ?" ಎಂದು ಕೇಳಿದ. ಲೆಕಿಲಿತ್ ಮುಖ ತಿರುಗಿಸಿದ. ಕೇಳಿದವನಿಗೆ ಅಷ್ಟು ಸಾಕಾಯಿತು. ನಶ್ಯದ ಡಬ್ಬಿಯ ಮುದುಕ ಮೊದಲು ಎದ್ದು ಹೋದ.

ಸಂಜೆಗೆ ಮೊದಲೇ ನಸಿಯೆಕುವಿನ ಅಣ್ಣ ಕತ್ತೆ ತಂದ. ಅವಳನ್ನು ಅದರ ಮೇಲೆ ಕೂರಿಸುವಾಗ ಸರೂನಿ ಒಂದು ಕಡೆ ಹಿಡಿದುಕೊಂಡ. ಹೊಡೆದ ಕೈಯೇ ಅದು. ನೋಲಾರಿಯನ್ನು ಹೆಂಗಸರು ಒಳಗೆ ಕೂಡಿಹಾಕಿದ್ದರು. ಅವಳ ಅಳು ಗೋಡೆಯ ಗುಂಡಿನ ತೂತಿನಿಂದ ಹೊರಗೆ ಬರುತ್ತಿತ್ತು.

"ಕೂಡೋ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ ಅವಳಿಗೆ," ಎಂದಳು ನಸಿಯೆಕು. ಒಂದೊಂದು ಮಾತಿಗೂ ಪಕ್ಕೆ ಚುಚ್ಚುತ್ತಿತ್ತು. "ನೀನು ಹೇಳಿಕೊಡ್ಬೇಕು."

"ನಂಗೇ ಬರಲ್ಲ."

"ಅವಳು ಹೇಳ್ತಾಳೆ, ನೀನು ಕೇಳಿಸ್ಕೋ. ಕಲ್ಲು ತಂದು ಇಡ್ಬೇಡ, ಕಲ್ಲಲ್ಲಿ ಹತ್ತಲ್ಲ. ಅವಳಿಗೆ ಮುಖ ಬೇಕು."

ಸರೂನಿ ಬಹಳ ಹೊತ್ತು ಕತ್ತೆಯ ಹಗ್ಗ ಬಿಗಿಮಾಡುತ್ತ ನಿಂತ. ಅದು ಆಗಲೇ ಬಿಗಿಯಾಗಿತ್ತು.

"ಯಾವಾಗ?" ಎಂದ.

"ಮರಿ ಒಳಗೆ ಬರೋ ಹೊತ್ತಿಗೆ. ಪಕ್ಕದಲ್ಲಿ ಕೂತ್ಕೋ. ಮೆಲ್ಲಗೆ ಹೇಳು ಅನ್ನು."

ಯಾರಾದರೂ ಕೇಳಿಸಿಕೊಂಡರೇನೋ ಎಂದು ಅವನು ಸುತ್ತ ನೋಡಿದ. ಆಮೇಲೆ ಕತ್ತೆಯನ್ನು ಬಿಟ್ಟು, ತಲೆ ತಗ್ಗಿಸಿ, ದೊಡ್ಡಿಯ ಕಂಡಿಯ ಕಡೆಗೆ ನಡೆದ. ಉಳಿದ ಮರಿಗಳು ಬರುವ ಹೊತ್ತಾಗಿತ್ತು.