ಕತ್ತೆಯ ಸರದಿ

ಕನ್ನಡ ಟೀಚರಿಗೆ ಆ ಬೆಳಿಗ್ಗೆ ಒಂದೇ ಸಮನೆ ತಳಮಳ. ಹೆಡ್ ಮೇಡಂ ಹಿಂದಿನ ದಿನವೇ ಖಡಾಖಂಡಿತವಾಗಿ ಹೇಳಿದ್ದರು: "ನಿಮ್ಮ ಪಾಠದಲ್ಲಿ ಮಕ್ಕಳು ತೂಕಡಿಸ್ತಾರಂತೆ. ನಾಳೆ ಬಂದು ನೋಡ್ತೀನಿ. ನಿಜ ಆಗಿದ್ರೆ ನಿಮ್ಮ ಕಥೆ ಪೀರಿಯಡ್ಡು ಲೆಕ್ಕದ ಮೇಷ್ಟ್ರಿಗೆ."

ಮಕ್ಕಳು ತೂಕಡಿಸುತ್ತಿದ್ದುದು ನಿಜವೇ, ಆದರೆ ಹೋದ ತಿಂಗಳವರೆಗೆ. ಆಮೇಲೆ ಟೀಚರು ಪಾಠದ ಕಥೆಯನ್ನೇ ಪಾತ್ರಗಳ ಮಾತುಗಳಾಗಿ ಬಿಡಿಸಿ, ಹಾಳೆಗಳಲ್ಲಿ ಬರೆದು ಹಂಚತೊಡಗಿದ್ದರು. ಬಾಯಿಪಾಠ ಬೇಡ, ವೇಷ ಬೇಡ. ಹಾಳೆ ಹಿಡಿದು ಜೀವ ತುಂಬಿ ಓದಿದರೆ ಸಾಕು. ನಿಯಮ ಒಂದೇ: ಸರದಿ ಬಂದವರು ತರಗತಿಗೆ ಮುಖ ಮಾಡಬೇಕು, ಉಳಿದ ಪಾತ್ರದವರು ಬೆನ್ನು ತಿರುಗಿಸಿ ಗೋಡೆ ನೋಡಬೇಕು.

ಹೆಡ್ ಮೇಡಂ ಒಳಗೆ ಕಾಲಿಟ್ಟಾಗ ನಾಲ್ಕು ಮಂದಿ ಗೋಡೆ ನೋಡುತ್ತಿದ್ದರು.

"ಏನ್ರೀ ಇದು? ಇಷ್ಟು ಜನಕ್ಕೆ ಶಿಕ್ಷೆನಾ?"

"ಶಿಕ್ಷೆ ಅಲ್ಲ ಮೇಡಂ," ಎಂದಳು ಅಜ್ಜಿಯ ಪಾತ್ರದ ಹುಡುಗಿ. ತರಗತಿಯಲ್ಲಿ ಅವಳ ಅಡ್ಡಹೆಸರು ಪಟಾಕಿ. "ಅವರಿನ್ನೂ ಕಥೆಯೊಳಗೆ ಬಂದಿಲ್ಲ. ನಮ್ಮ ಕತ್ತೆಗೆ ಜ್ವರ, ಶಾಲೆಗೇ ಬಂದಿಲ್ಲ. ನೀವು ಓದ್ತೀರಾ?"

ಟೀಚರ ಜೀವ ಬಾಯಿಗೆ ಬಂತು. ಉಳಿಯಬಹುದಾಗಿದ್ದ ಪೀರಿಯಡ್ಡಿಗೂ ಈ ಹುಡುಗಿ ಬೆಂಕಿ ಇಟ್ಟಳಲ್ಲ! ಹೆಡ್ ಮೇಡಂ ಮಾತ್ರ ಕನ್ನಡಕ ಸರಿಮಾಡಿಕೊಂಡು ಹಾಳೆಗೆ ಕೈಚಾಚಿದರು. ದಾರಿ ತಪ್ಪಿದ ಮುದಿ ಕತ್ತೆಯ ಗೋಳನ್ನು ಸುತ್ತೋಲೆ ಓದುವ ಹಾಗೆ ಓದಿದರು. "ಅಯ್ಯೋ. ನನ್ನ ಮನೆ ಎಲ್ಲಿ. ನನ್ನ ಅಜ್ಜಿ ಎಲ್ಲಿ."

"ಮೇಡಂ, ಕತ್ತೆ ಕಳೆದುಹೋಗಿದೆ," ಪಟಾಕಿ ಮೆಲ್ಲಗೆ ಹೇಳಿದಳು. "ಅದಕ್ಕೆ ತುಂಬಾ ಹೆದರಿಕೆ ಆಗ್ತಿದೆ."

ಮೇಡಂ ಹಾಳೆಯನ್ನೊಮ್ಮೆ, ಪಟಾಕಿಯನ್ನೊಮ್ಮೆ ನೋಡಿದರು. ಗಂಟಲು ಸರಿಪಡಿಸಿಕೊಂಡು ಎರಡನೇ ಸಲ ಶುರುಮಾಡಿದರು ನೋಡಿ, ಆ "ಅಯ್ಯೋ" ಕಾರಿಡಾರಿನ ತುದಿಯವರೆಗೆ ಕೇಳಿಸಿತು. ಕೊನೆಯ ಬೆಂಚಿನ ಹಳೇ ನಿದ್ದೆಗಾರರೂ ಎದ್ದು ನಿಂತರು. ತರಗತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು; ಮರುಕ್ಷಣವೇ ಕತ್ತೆಯ ಗತಿ ಏನಾಯಿತೋ ಎಂದು ಉಸಿರು ಬಿಗಿಹಿಡಿಯಿತು. ಟೀಚರಿಗೆ ಕಣ್ಣು ತುಂಬಿ ಬರುವಷ್ಟು ಸಂತೋಷವಾಯಿತು.

ಗಂಟೆ ಹೊಡೆಯಿತು. ಒಬ್ಬರೂ ಮಿಸುಕಾಡಲಿಲ್ಲ. ಮುಂದಿನ ಪೀರಿಯಡ್ಡಿಗೆ ಬಂದ ಲೆಕ್ಕದ ಮೇಷ್ಟ್ರು ಹೊಸ್ತಿಲಲ್ಲೇ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟರು. ಮಕ್ಕಳ ಸಾಲಿನಲ್ಲಿ ಸಾಕ್ಷಾತ್ ಹೆಡ್ ಮೇಡಂ, ಬೆನ್ನು ತಿರುಗಿಸಿ, ಗೋಡೆ ನೋಡುತ್ತ!

"ಮೇಡಂ... ಏನಾಯ್ತು? ಈಗ ನನ್ನ ಪೀರಿಯಡ್ಡು..."

ಮೇಡಂ ತಿರುಗಲಿಲ್ಲ.

"ಸ್ವಲ್ಪ ತಡೀರಿ ಮೇಷ್ಟ್ರೇ," ಎಂದರು ಗೋಡೆಯತ್ತಲೇ. "ಕತ್ತೆ ಇನ್ನೂ ಮನೆ ಸೇರಿಲ್ಲ."