ಏತದ ಮರ ಮತ್ತು ಎಣ್ಣೆಯ ಸುಂಕ

ಆಲೆಟ್ಟಿಯ ಬೋಜಪ್ಪ ಗೌಡರ ಅಂಗಳದಲ್ಲಿ ಉದ್ದದ ಮರವೊಂದು ನೆಟ್ಟಗೆ ನಿಂತಿತ್ತು. ಅದರ ತುದಿಯಿಂದ ಮನೆಯ ಮಾಡಿಗೊಂದು ತಂತಿ, ತಂತಿಯ ಕೊನೆಗೆ ಚಾವಡಿಯ ರೇಡಿಯೋ. ಸುತ್ತಿನ ನಾಲ್ಕು ಮನೆಗೂ ಅದೊಂದೇ ರೇಡಿಯೋ. ಆ ಮರದ ಪೂರ್ವಾಶ್ರಮ ಮಾತ್ರ ಬೇರೆ. ಮೂರು ವರ್ಷದ ಹಿಂದಿನವರೆಗೆ ಅದು ಗದ್ದೆ ಬದಿಯ ಬಾವಿಯಲ್ಲಿ ಏತದ ಮರವಾಗಿ ತಲೆ ಬಗ್ಗಿಸಿ ನೀರೆತ್ತುತ್ತಿತ್ತು. ಗೌಡರು ಎಂಜಿನ್ ಪಂಪು ತಂದ ವಾರವೇ ಅದಕ್ಕೆ ಬಡ್ತಿ ಸಿಕ್ಕಿತು. ಅಂದಿನಿಂದ ಆಕಾಶದಲ್ಲಿ ಹೋಗುವ ವಾರ್ತೆಯನ್ನು ಎತ್ತಿ ಗೌಡರ ಕಿವಿಗೆ ಸುರಿಯುವುದೇ ಅದರ ಉದ್ಯೋಗ.

ಅದನ್ನು ಕಂಡಾಗಲೆಲ್ಲ ಗೌಡರ ಹೆಂಡತಿ ಶೀಲಾವತಿಗೆ ಮೈ ಉರಿಯುತ್ತಿತ್ತು. ಈ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ದೇಶಕ್ಕೆ ದೇಶವೇ ಎಣ್ಣೆಯಿಲ್ಲದೆ ಬಾಯಿ ಬಿಡುತ್ತಿತ್ತು. ಚಿಮಿಣಿ ಎಣ್ಣೆಯಲ್ಲಿ ಓಡುವ ಪಂಪು ನಾಲ್ಕು ದಿನದಿಂದ ಗೋಣಿ ಹೊದ್ದು ಮಲಗಿತ್ತು. ಕೆಳಗೆ ಕೊಳಕೆ ಗದ್ದೆಯಲ್ಲಿ, ಅಂದರೆ ಬೇಸಿಗೆಯ ಬೆಳೆಯಲ್ಲಿ, ತೆನೆ ಹಾಲುಗಟ್ಟುವ ಹೊತ್ತು. ಆಗ ನೀರು ತಪ್ಪಿದರೆ ಸಿಗುವುದು ಬರೀ ಜೊಳ್ಳು. ಈ ಬೆಳೆ ಹೋದರೆ ಆಟಿ ತಿಂಗಳ ಮಳೆಯಲ್ಲಿ ಮನೆಯವರೆಲ್ಲ ರೇಷನಿನ ಗೋಧಿ ತಿನ್ನಬೇಕು. ಗೋಧಿಯ ಹೆಸರೆತ್ತಿದರೇ ಹೊಟ್ಟೆ ಹಿಡಿದುಕೊಳ್ಳುವವರು ಆ ಮನೆಯಲ್ಲಿ ಒಬ್ಬರೇ, ಅವರೇ ಯಜಮಾನರು.

ಐದನೆಯ ದಿನ ಮಧ್ಯಾಹ್ನ ಗೌಡರು ಚಾವಡಿಯಿಂದ ಕೂಗಿದ ರಭಸಕ್ಕೆ ಕೋಳಿಗಳು ಚೆದುರಿ ಓಡಿದವು.

"ಏ, ಕೇಳಿದೆಯಾ! ಸುಂಕ ಮನ್ನಾ! ಹೊರದೇಶದಿಂದ ಬರುವ ಎಣ್ಣೆಗೆ ಇನ್ನು ಒಂದು ಕಾಸೂ ಸುಂಕ ಇಲ್ಲ!"

"ನಮ್ಮ ಗದ್ದೆಗೆ ಯಾವಾಗ ಬರುದು?" ಶೀಲಾವತಿ ಕೇಳಿದಳು.

"ನಿನಗೆ ದೇಶದ ವಿಷಯ ಎಂತ ಗೊತ್ತುಂಟು ಮಾರಾಯ್ತಿ? ಸುಂಕ ಹೋಯ್ತು ಅಂದ್ರೆ ಎಣ್ಣೆ ಬಂತು ಅಂತಲೇ."

ಎಣ್ಣೆ ಬಾರದಿದ್ದರೂ ನೆಂಟರಿಷ್ಟರು ಬಂದರು. ಗೌಡರು ಸ್ವತಃ ಹಡಗಿನಿಂದ ಇಳಿದು ಬಂದವರ ಹಾಗೆ ಎಲ್ಲರಿಗೂ ಬೆಲ್ಲ ನೀರು ಕೊಡಿಸಿದರು. ನೆರೆಮನೆಯ ಚನಿಯಪ್ಪನೂ ಬಂದ. ಅವನು ತನ್ನ ಏತವನ್ನು ಬಿಟ್ಟವನಲ್ಲ. ಅದಕ್ಕಾಗಿ ಗೌಡರು ಅವನನ್ನು ಮೂರು ವರ್ಷದಿಂದ ಹಾಸ್ಯ ಮಾಡುತ್ತಲೇ ಇದ್ದರು.

"ಇನ್ನೂ ಅಜ್ಜನ ಕಾಲದಲ್ಲೇ ಇದ್ದೀಯಲ್ಲ ಚನಿಯಪ್ಪ!"

ಚನಿಯಪ್ಪ ಬೆಲ್ಲ ನೀರು ಕುಡಿದು ಬಾಯಿ ಒರೆಸಿಕೊಂಡ. "ಸುಂಕ ಹೋದದ್ದು ಒಳ್ಳೇದಾಯ್ತು ಭಾವ. ಎಣ್ಣೆ ಎಲ್ಲಿ ಉಂಟು?"

"ದಾರಿಯಲ್ಲುಂಟು," ಎಂದರು ಗೌಡರು. ಯಾವ ದಾರಿಯೆಂದು ಯಾರೂ ಕೇಳಲಿಲ್ಲ.

ಮತ್ತೆರಡು ದಿನ ಕಳೆಯಿತು. ಗೌಡರು ಪೇಟೆಗೆ ಹೋಗಿ ಸಾಲಿನಲ್ಲಿ ನಿಲ್ಲುವವರಲ್ಲ, ಅದು ಅವರ ಗತ್ತಿಗೆ ಕಡಿಮೆ. ಶೀಲಾವತಿಯೇ ಖಾಲಿ ಡಬ್ಬಿ ಹಿಡಿದು ಸುಳ್ಯಕ್ಕೆ ನಡೆದಳು. ಎಣ್ಣೆ ಅಂಗಡಿಯ ಸುಲೈಮಾನ್ ಖಾಲಿ ಪೀಪಾಯಿಗಳ ನಡುವೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ಸುಂಕ ಹೋಯ್ತಂತಲ್ಲ ಸುಲೈಮಾನ್?"

"ಹೋಯ್ತಕ್ಕ. ನಾನೂ ಪೇಪರಿನಲ್ಲಿ ಓದಿದೆ, ಖುಷಿಯಾಯ್ತು. ಆದ್ರೆ ಅದು ಹಡಗಿನಲ್ಲಿ ಬರುವ ಎಣ್ಣೆಗೆ. ಹಡಗೇ ಬರ್ಲಿಲ್ಲ. ಅಲ್ಲಿ ಅವರು ಕೊಡ್ಬೇಕು, ಹಡಗು ಹೊರಡ್ಬೇಕು, ಬೊಂಬಾಯಿಯಲ್ಲಿ ಇಳೀಬೇಕು, ಮಂಗಳೂರಿಗೆ ಬರ್ಬೇಕು, ಮತ್ತೆ ಪುತ್ತೂರು. ಅದಾಗಿ ಉಳಿದ್ರೆ ನಾನು."

"ಹಾಗಾದ್ರೆ ಸರ್ಕಾರ ಮನ್ನಾ ಮಾಡಿದ್ದು ಎಂತದನ್ನು?"

ಸುಲೈಮಾನ್ ಬೀಸಣಿಗೆ ನಿಲ್ಲಿಸಿ ಯೋಚಿಸಿದ. "ಇಲ್ಲದ ಎಣ್ಣೆಯ ಸುಂಕವನ್ನು, ಅಕ್ಕ."

ಶೀಲಾವತಿ ಅಲ್ಲೇ ಡಬ್ಬಿ ಮಗುಚಿಟ್ಟು ಅದರ ಮೇಲೆ ಕೂತು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ. ನಾಟಿಯ ದಿನದಿಂದ ಬೆನ್ನು ಬಗ್ಗಿಸಿದವಳು ಅವಳು. ಕಳೆ ಕಿತ್ತವಳು, ಗಿಳಿ ಓಡಿಸಿದವಳು, ಎಲ್ಲ ಅವಳೇ.

ಮರಳುವಾಗ ಗದ್ದೆಯ ಬದುವಿನಲ್ಲಿ ನಿಂತಳು. ಚನಿಯಪ್ಪನ ಗದ್ದೆ ಹಸುರಾಗಿತ್ತು. ತನ್ನದರಲ್ಲಿ ಎಲೆಗಳು ಸುರುಳಿ ಸುತ್ತಿದ್ದವು, ನೆಲ ಬಿರಿಯತೊಡಗಿತ್ತು. ಇನ್ನೆರಡು ದಿನ ಬಿಟ್ಟರೆ ಕತೆ ಮುಗಿದಂತೆಯೇ. ಬಾವಿಯಲ್ಲಿ ಮಾತ್ರ ನೀರು ತಣ್ಣಗೆ ಕೂತಿತ್ತು. ಏತದ ಕವಲುಗಂಬವೂ ಹಾಗೇ ಇತ್ತು, ಬರಿದಾಗಿ.

ಅವಳು ಮನೆಗೆ ಹೋಗಲಿಲ್ಲ. ನೇರ ಚನಿಯಪ್ಪನಲ್ಲಿಗೆ ಹೋದಳು. "ಅಣ್ಣ, ಹಾರೆ ತೆಗೊಂಡು ಬಾ. ಹಗ್ಗವೂ ಬೇಕು."

ಮಧ್ಯಾಹ್ನದ ವಾರ್ತೆ ನಡೆಯುತ್ತಿತ್ತು. "ದೇಶದ ಎಣ್ಣೆ ಪರಿಸ್ಥಿತಿ ಶೀಘ್ರದಲ್ಲಿಯೇ..." ಎನ್ನುವಷ್ಟರಲ್ಲಿ ರೇಡಿಯೋ ಗರಗರ ಎಂದಿತು. ಗೌಡರು ಅದರ ಕಿವಿ ಹಿಂಡಿದರು, ತಲೆಗೊಂದು ಕೊಟ್ಟರು, ಅದು ಇನ್ನೂ ಗರಗರ ಎಂದಿತು. ಹೊರಗೆ ಬಂದು ನೋಡಿದರೆ ಮರ ಅಂಗಳದಲ್ಲಿ ಅಡ್ಡ ಬಿದ್ದಿದೆ!

"ಅಯ್ಯಯ್ಯೋ! ನಿನಗೆ ತಲೆ ಸಮ ಉಂಟಾ? ರೇಡಿಯೋದವ ಎಣ್ಣೆ ವಿಷಯ ಹೇಳ್ತಾ ಇದ್ದ!"

"ಹೇಳ್ಲಿ. ನೀವು ಆ ತುದಿ ಹಿಡೀರಿ," ಎಂದಳು ಶೀಲಾವತಿ.

"ನಾನಾ?"

"ಮತ್ತೆ? ಸರ್ಕಾರ ಬಂದು ಹಿಡೀತದಾ?"

ಚನಿಯಪ್ಪ ಆಕಾಶ ನೋಡುತ್ತಾ ನಿಂತ, ನಗು ತಡೆಯಲು ಅವನಿಗೆ ಬೇರೆ ದಾರಿಯಿರಲಿಲ್ಲ. ಗೌಡರು ಸುತ್ತ ನೋಡಿದರು. ಗದ್ದೆಯನ್ನೂ ನೋಡಿದರು, ಬಹುಶಃ ಆ ವಾರದಲ್ಲಿ ಮೊದಲ ಸಲ. ಪಂಚೆ ಎತ್ತಿ ಕಟ್ಟಿ ಮರದ ತುದಿ ಹಿಡಿದರು.

ಸಂಜೆಯೊಳಗೆ ಏತ ಎದ್ದಿತು. ಮೂರು ವರ್ಷ ಆರಾಮದಲ್ಲಿದ್ದ ಗೌಡರ ಅಂಗೈಯಲ್ಲಿ ಮೊದಲ ದಿನವೇ ಬೊಕ್ಕೆ ಎದ್ದವು. ಬಾಲ್ದಿ ಇಳಿಯಿತು, ಏರಿತು, ಕಾಲುವೆಯಲ್ಲಿ ನೀರು ಹರಿಯಿತು.

"ಇನ್ನು ಎಣ್ಣೆ ಬಂದ್ರೆ ನಮಗೆ ಹೇಳುದು ಯಾರು?" ಗೌಡರು ಏದುಸಿರು ಬಿಡುತ್ತಾ ಕೇಳಿದರು.

"ಬಾವಿ ನೀರಿಗೆ ಅವರು ಇನ್ನೂ ಸುಂಕ ಹಾಕ್ಲಿಲ್ಲ. ಅವರಿಗೆ ಅದು ನೆನಪಾಗುವ ಮೊದಲು ಎಳೀರಿ," ಎಂದಳು ಶೀಲಾವತಿ.

ಎಣ್ಣೆ ಬಂತು. ಬಾರದೇನು? ಆಟಿಯಲ್ಲಿ ಬಂತು, ಗದ್ದೆಯ ಮೇಲೆ ಮೊಣಕಾಲಷ್ಟು ಮಳೆನೀರು ನಿಂತಿದ್ದಾಗ. ಸುಲೈಮಾನ್ ಎರಡು ಡಬ್ಬಿ ಕಳಿಸಿದ್ದ. ಗೌಡರು ಊಟಕ್ಕೆ ಕೂತವರು ಎದೆಯುಬ್ಬಿಸಿದರು.

"ನಾನು ಹೇಳ್ಲಿಲ್ವಾ? ಸರ್ಕಾರ ಮಾತು ಉಳಿಸಿತು!"

ಅವರ ಬಟ್ಟಲಲ್ಲಿ ಕೊಳಕೆ ಗದ್ದೆಯ ಅಕ್ಕಿಯ ಗಂಜಿ ಹಬೆಯಾಡುತ್ತಿತ್ತು. ಎರಡು ಸಲ ಹಾಕಿಸಿಕೊಂಡಿದ್ದರು. ಶೀಲಾವತಿ ಕೇಳದೆಯೇ ಮೂರನೆಯ ಸೌಟು ಬಡಿಸಿದಳು.

"ಆ ಮರ..." ಗೌಡರು ಮೆಲ್ಲನೆ ತೆಗೆದರು. "ಈಗ ಹೇಗೂ ಮಳೆಯಲ್ವಾ?"

"ತೆಗೊಂಡು ಹೋಗಿ ನೆಡಿ. ಕೊಳಕೆ ಬಿತ್ತುವವರೆಗೆ ವಾರ್ತೆ ಕೇಳಿ. ಆಮೇಲೆ ನನಗೆ ನೀರು ಬೇಕು. ಆಗ ಸರ್ಕಾರ ಸ್ವಲ್ಪ ಸುಮ್ಮನಿರ್ಲಿ."